ಲೆನ್ನಾರ್ಟ್ ಸರ್‌ಗೆ ಹತ್ತು ಪ್ರಶ್ನೆ

"ಒಟ್ಟು ಎಷ್ಟು ಗೋಲ್ ಹೊಡೆದಿದ್ದೀರಿ, ಸರ್?"

"ನೆನಪಿಲ್ಲ," ಅಂದರು ಲೆನ್ನಾರ್ಟ್ ಸರ್, ಸ್ಕೇಟಿನ ಲೇಸ್ ಬಿಚ್ಚುತ್ತಾ.

ಅಕ್ಷಿತಾಳಿಗೆ ತಲೆಬಿಸಿ ಶುರುವಾಯಿತು. ಹತ್ತು ಪ್ರಶ್ನೆಗಳಲ್ಲಿ ಇದು ನಾಲ್ಕನೆಯದು. ಹಿಂದಿನ ಮೂರಕ್ಕೂ ಇಂಥದ್ದೇ ಉತ್ತರ. 'ನಾನು ಕಂಡ ದೊಡ್ಡ ಕೆರಿಯರ್' ಅಂತ ಶಾಲೆಯ ಪ್ರಾಜೆಕ್ಟ್, ನಾಳೆಯೇ ಕೊಡಬೇಕು. ಗೆಳತಿ ಶೈಮಾ ಒಬ್ಬ ಪೈಲಟ್‌ನ ಇಂಟರ್‌ವ್ಯೂ ಮಾಡಿ ಮುಗಿಸಿದ್ದಳು.

ಲೆನ್ನಾರ್ಟ್ ಸರ್ ಪೈಲಟ್‌ಗಿಂತ ಕಡಿಮೆಯವರೇನಲ್ಲ. ಸ್ವೀಡನ್ನಿನಲ್ಲಿ ಇಪ್ಪತ್ತು ವರ್ಷ ಐಸ್ ಹಾಕಿ ಆಡಿ ರಿಟೈರ್ ಆದವರು. ಈಗ ದುಬೈಯ ಈ ಒಳಾಂಗಣ ಐಸ್ ರಿಂಕಿನಲ್ಲಿ ಮಕ್ಕಳಿಗೆ ಕಲಿಸುತ್ತಾರೆ. ಆದರೆ ಬಾಯಿ ಬಿಡಬೇಕಲ್ಲ!

"ನಿನ್ನ ಪಪ್ಪನೂ ಅದೇ ರಿಂಕಲ್ಲಿ ಇರೋದಲ್ವಾ? ಅವರನ್ನೇ ಕೇಳು," ಅಂದಿದ್ದಳು ಶೈಮಾ.

"ಅದೆಲ್ಲ ಕೆರಿಯರ್ ಅಲ್ಲ ಮಾರಾಯ್ತಿ. ಪಪ್ಪ ಜಸ್ಟ್ ಮಷಿನ್ ಓಡಿಸೋದು."

ಪಪ್ಪ ಓಡಿಸುವುದು ಐಸ್ ಮಷಿನ್. ಸ್ಕೇಟುಗಳು ಗೀರಿ ಹಾಳು ಮಾಡಿದ ಐಸನ್ನು ಹೆರೆದು, ನೀರು ಹಾಯಿಸಿ, ಮತ್ತೆ ನುಣುಪು ಮಾಡುವ ಗಾಡಿ. ಅವರ ಡ್ಯೂಟಿ ಮುಗಿಯುವ ತನಕ ಅಕ್ಷಿತಾ ಸ್ವೆಟರ್ ಹಾಕಿಕೊಂಡು ಇಲ್ಲೇ ಕೂರುತ್ತಾಳೆ. ಹೊರಗೆ ನಲವತ್ತೆರಡು ಡಿಗ್ರಿ ಸೆಕೆ.

"ಗೋಲೆಲ್ಲ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಅಲ್ಲಿ ಸಿಗದ್ದನ್ನು ಕೇಳು," ಅಂದರು ಸರ್.

ಅಕ್ಷಿತಾ ಪೆನ್ಸಿಲ್ ಕಚ್ಚಿದಳು. "ಮೊಟ್ಟಮೊದಲು ಆಡಿದ್ದು ಎಲ್ಲಿ?"

ಸರ್ ಅವರ ಮುಖ ಅರಳಿತು. "ನಮ್ಮ ಮನೆಯ ಅಂಗಳದಲ್ಲಿ. ಅಪ್ಪ ಬಸ್ ಡ್ರೈವರ್. ಚಳಿಗಾಲದಲ್ಲಿ ಕೆಲಸದಿಂದ ಬಂದವರೇ ಅಂಗಳಕ್ಕೆ ನೀರು ಬಿಡುತ್ತಿದ್ದರು. ಒಮ್ಮೆಲೇ ಸುರಿದರೆ ಆಗದು. ತೆಳ್ಳಗೆ ಒಂದು ಪದರ, ಅದು ಗಟ್ಟಿಯಾದ ಮೇಲೆ ಇನ್ನೊಂದು. ಕೊನೆಗೆ ಬಿಸಿನೀರು."

"ಬಿಸಿನೀರಾ? ಐಸ್ ಕರಗಲ್ವಾ?"

"ಗೀರುಗಳು ಸ್ವಲ್ಪ ಕರಗಿ ಕೂಡಿಕೊಳ್ಳುತ್ತವೆ. ಆಮೇಲೆ ನೋಡಬೇಕು, ಕನ್ನಡಿ! ನಾನು ಬೆಳಿಗ್ಗೆ ಎದ್ದವನೇ ಸ್ಕೇಟ್ ಹಾಕಿ ಓಡುತ್ತಿದ್ದೆ. ಇದನ್ನು ಹೇಗೆ ಕಲಿತಿರಿ ಅಂತ ಅಪ್ಪನನ್ನು ಒಂದು ದಿನವೂ ಕೇಳಲಿಲ್ಲ."

ಸರ್ ಬಿಚ್ಚಿದ ಸ್ಕೇಟನ್ನು ಬದಿಗಿಟ್ಟರು.

"ನಾನು ರಿಟೈರ್ ಆದ ದಿನ ನನ್ನ ನಂಬರಿದ್ದ ಜೆರ್ಸಿಯನ್ನು ಸ್ಟೇಡಿಯಮ್ಮಿನ ಚಾವಣಿಗೆ ಏರಿಸಿ ತೂಗುಹಾಕಿದರು. ಆ ನಂಬರ್ ಇನ್ನು ಯಾರೂ ಹಾಕುವ ಹಾಗಿಲ್ಲ. ದೊಡ್ಡ ಮರ್ಯಾದೆ ಅದು. ಎಲ್ಲರೂ ಎದ್ದು ಚಪ್ಪಾಳೆ ತಟ್ಟುವಾಗ ನಾನು ಕೆಳಗೆ ಐಸ್ ನೋಡುತ್ತಿದ್ದೆ. ಅಪ್ಪನ ಹತ್ತಿರ ಕೇಳಬೇಕಾದ್ದು ಎಷ್ಟೋ ಇತ್ತು. ಅಪ್ಪ ತೀರಿಹೋಗಿ ನಾಲ್ಕು ವರ್ಷ ಆಗಿತ್ತು."

ಅಕ್ಷಿತಾ ಅದನ್ನೂ ಬರೆದುಕೊಂಡಳು.

ಅಷ್ಟರಲ್ಲಿ ಗೇಟು ತೆರೆದು ಪಪ್ಪನ ಮಷಿನ್ ಒಳಗೆ ಬಂತು. ಸರ್ ಮಾತು ನಿಲ್ಲಿಸಿ ಅದನ್ನೇ ನೋಡಿದರು.

"ಆ ಮೂಲೆಯಲ್ಲಿ ನಿಧಾನ ಮಾಡುತ್ತಾರೆ, ನೋಡು. ಅಲ್ಲಿ ಐಸ್ ಮೆತ್ತಗೆ. ನಿನ್ನ ಪಪ್ಪ ಸುಜಿತ್‌ಗೆ ಅದು ಗೊತ್ತು."

ಅಕ್ಷಿತಾ ನೋಡಿದಳು. ಪಪ್ಪ ನಿಜಕ್ಕೂ ನಿಧಾನ ಮಾಡಿದರು, ಕತ್ತು ಬಗ್ಗಿಸಿ ಚಕ್ರದ ಪಕ್ಕ ನೋಡಿದರು. ಮಷಿನ್ನಿನ ಹಿಂದೆ ತೆಳ್ಳಗೆ ಹಬೆ ಏಳುತ್ತಿತ್ತು. ಎರಡು ವರ್ಷದಿಂದ ದಿನಾ ಇಲ್ಲಿ ಕೂತಿದ್ದರೂ ಅವಳು ಅದನ್ನು ಗಮನಿಸಿಯೇ ಇರಲಿಲ್ಲ.

ಮನೆಗೆ ಹೋಗುವಾಗ ಕಾರಿನಲ್ಲಿ ಪಪ್ಪ ಕೇಳಿದರು, "ಎಂತ, ಸರ್ ಹೇಳಿದ್ದು ಬರೆದಾಯ್ತಾ?"

"ಆಯ್ತು. ಇನ್ನು ನಿಮ್ಮದು."

"ನನ್ನದಾ? ನನ್ನದೆಂತ ಉಂಟು ಮಗಾ ಬರೀಲಿಕ್ಕೆ?"

"ಐಸ್ ಕೆಲಸ ಕಲಿತದ್ದು ಹೇಗೆ?"

ಪಪ್ಪ ನಕ್ಕರು. ಸಿಗ್ನಲ್ ಹಸಿರಾಗಿ ಹಿಂದಿನ ಕಾರು ಹಾರ್ನ್ ಹೊಡೆಯಿತು. "ಅದಾ? ಇಲ್ಲಿಗೆ ಬರುವ ಮೊದಲು ನಾನು ಕಂಡ ಐಸ್ ಅಂದ್ರೆ ಮಲ್ಪೆಯಲ್ಲಿ ಮೀನಿಗೆ ಹಾಕುವುದು ಮಾತ್ರ. ಇಲ್ಲಿ ಮೊದಲ ದಿನವೇ ಜಾರಿ ಬಿದ್ದೆ..."

ಅವರ ಮನೆ ಇರುವ ಡಿಸ್ಕವರಿ ಗಾರ್ಡನ್ಸ್ ಬಂತು. ಕಾರು ನಿಂತಿತು. ಇಬ್ಬರೂ ಇಳಿಯಲಿಲ್ಲ. ಪಪ್ಪ ಕೈ ಆಡಿಸಿ ಹೇಳುತ್ತಲೇ ಇದ್ದರು. ಮೂರು ಪುಟ ತುಂಬಿತು.

"ಇದನ್ನೆಲ್ಲ ಬರೆದ್ರೆ ಮಾರ್ಕ್ಸ್ ಕೊಡ್ತಾರಾ?" ಪಪ್ಪ ಸಂಕೋಚದಿಂದ ಕೇಳಿದರು.

"ಗೊತ್ತಿಲ್ಲ," ಅಂದಳು ಅಕ್ಷಿತಾ. "ಆಮೇಲೆ ಎಂತಾಯ್ತು? ಹೇಳಿ."