ರೇಡಿಯೇಟರಿನ ಮುಂದಿನ ಗೋಣಿ

ನಾನು ಜೈಭೀಮ, ಟ್ರ್ಯಾಕ್ಟರ್ ಮೆಕ್ಯಾನಿಕ್, ದೇವಾಪುರದವನು. ಕಡೇಚೂರಿನ ಕಾರ್ಖಾನೆಗಳ ಹಿಂದಿನ ಬಯಲಿನಲ್ಲಿ ಕಾರ್ ರೇಸ್ ನಡೆಯುತ್ತದೆಂದಾಗ ಅಜರುದ್ದೀನ ಸಾಹೇಬರು ತಮ್ಮ ತಂಡಕ್ಕೆ ನನ್ನನ್ನು ಕರೆದರು. ಹೊರಗಿನಿಂದ ಮಾಮೂಲಿ ಕಾರು. ಒಳಗೆ ಡ್ರೈವರ್ ಸೀಟೊಂದನ್ನು ಬಿಟ್ಟು ಉಳಿದದ್ದೆಲ್ಲ ಬಿಚ್ಚಿದ್ದರು. ಓಡಿಸುವವಳು ಸುರಪುರದ ಪಂಚಶೀಲಾ.

"ಜೈಭೀಮ, ಎಂಜಿನ್ ನೋಡಾಕತ್ತೀರೋ, ನನ್ನ ನೋಡಾಕತ್ತೀರೋ?" ಎಂದು ಮೊದಲ ದಿನವೇ ಕೇಳಿದ್ದಳು.

"ಎಂಜಿನ್ ರೀ," ಎಂದೆ. ಶುದ್ಧ ಸುಳ್ಳು.

ರೇಸಿನ ದಿನ ಮೇ ತಿಂಗಳ ಉರಿ ಮಧ್ಯಾಹ್ನ. ಸ್ಪ್ಯಾನರ್ ಮುಟ್ಟಿದರೆ ಬೆರಳು ಚುರುಗುಟ್ಟುತ್ತಿತ್ತು. ಬಿಸಿಲಿಗೆ ಹೆದರಿದರೆ ನಮ್ಮ ಜಿಲ್ಲೆಯಲ್ಲಿ ಮದುವೆಯೂ ಆಗುವುದಿಲ್ಲ, ಬಿಡಿ. ಮೊದಲ ರೇಸಿನಲ್ಲಿ ಅವಳೇ ಗೆದ್ದಳು. ಎರಡನೆಯದನ್ನೂ ಗೆದ್ದರೆ ವರ್ಷವಿಡೀ ತಂಡದ ಸೀಟು ಅವಳದು.

ನಡುವೆ ಅರ್ಧ ಗಂಟೆ ಬಿಡುವು. ಕಾದ ಟ್ರ್ಯಾಕ್ಟರಿಗೆ ನಮ್ಮ ಕಡೆ ಮಾಡುವಂತೆ, ಗೋಣಿಚೀಲವನ್ನು ನೀರಿನಲ್ಲಿ ಅದ್ದಿ ಬಾನೆಟ್ಟಿನೊಳಗೆ ರೇಡಿಯೇಟರಿನ ಮುಂದೆ ಇಳಿಬಿಟ್ಟೆ. ಗಾಡಿ ಹೊರಡುವ ಮುಂಚೆ ತೆಗೆಯಬೇಕು, ಇಲ್ಲದಿದ್ದರೆ ಗಾಳಿಯಾಡದೆ ಎಂಜಿನ್ ಕುದಿಯುತ್ತದೆ. ಇದು ನನಗೆ ಚಿಕ್ಕಂದಿನಿಂದ ಗೊತ್ತು.

ತೆಗೆಯಲೆಂದೇ ಹೋದೆ. ಅವಳು ಕೂದಲನ್ನು ಹೆಲ್ಮೆಟ್ಟಿನೊಳಗೆ ತುರುಕುತ್ತಿದ್ದಳು. ಒಂದು ಎಳೆ ಮಾತ್ರ ಬೆವರಿದ ಕೊರಳಿಗೆ ಅಂಟಿಕೊಂಡು ಮಾತು ಕೇಳಲೊಲ್ಲದು. ನನ್ನತ್ತ ನೋಡಿ ಹುಬ್ಬು ಹಾರಿಸಿ ನಕ್ಕಳು. ನಾನೂ ನಕ್ಕು ಬಾನೆಟ್ ಮುಚ್ಚಿದೆ.

ಕೊನೆಯ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದ ನಮ್ಮ ಕಾರು ಬಿಳಿ ಹಬೆಯೆಬ್ಬಿಸಿ ನಿಂತುಬಿಟ್ಟಿತು.

ಎಳೆದು ತಂದಾಗ ಎಲ್ಲರಿಗಿಂತ ಮೊದಲು ಓಡಿದವನು ನಾನು. ಒಣರೊಟ್ಟಿಯಂತಾಗಿದ್ದ ಗೋಣಿಯನ್ನು ಕಿತ್ತು ಟೂಲ್ ಡಬ್ಬಿಯ ಹಿಂದೆ ಬಚ್ಚಿಟ್ಟೆ. ಯಾರೂ ನೋಡಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ಭೂಮಿ ಬಾಯಿಬಿಡಬಾರದೆ ಅನ್ನಿಸುತ್ತದೆ.

ಟೆಂಟಿನೊಳಗೆ ಎಲ್ಲರೆದುರು ಸಾಹೇಬರು ಅವಳ ಮೇಲೆ ಹರಿಹಾಯ್ದರು. "ಗೆಲ್ಲೋ ಹುಚ್ಚಿಗೆ ಗಾಡಿ ಬರ್ಬಾದ ಮಾಡಿದಿ. ಸೀಟು ಬ್ಯಾರೇದವರಿಗೆ ಕೊಡ್ತೀನಿ."

"ಹೌದ್ರಿ, ನಾನ ಜಾಸ್ತಿ ಎಳದೆ. ತಪ್ಪು ನಂದ ಐತಿ," ಎಂದಳು ಪಂಚಶೀಲಾ, ತಲೆ ತಗ್ಗಿಸಿ.

ತಗ್ಗಬೇಕಾದದ್ದು ನನ್ನ ತಲೆ. ಇನ್ನು ತಡೆಯಲಾಗಲಿಲ್ಲ. ಹೋಗಿ ಗೋಣಿ ತಂದು ಟೇಬಲ್ ಮೇಲಿಟ್ಟೆ.

"ಆಕಿದು ತಪ್ಪಿಲ್ರಿ. ಇದನ್ನ ತಗಿಯೋದು ಮರತೆ. ಆಮ್ಯಾಲ ಮುಚ್ಚಿಟ್ಟೆ."

ಸಾಹೇಬರು ಗೋಣಿಯನ್ನು ನೋಡಿದರು, ನನ್ನನ್ನು ನೋಡಿದರು. "ಸೀಟು ಆಕಿದ ಇರಲಿ. ನೀ ನಾಳಿಂದ ಬರಬ್ಯಾಡ," ಎಂದರು.

ನೀರಿನ ಟ್ಯಾಂಕರಿನ ನೆರಳಲ್ಲಿ ಕೂತಿದ್ದೆ. ಅವಳು ಗೋಣಿ ಹಿಡಿದುಕೊಂಡು ಬಂದಳು.

"ನನಗ ಗೊತ್ತಿತ್ತು," ಎಂದಳು. "ಗಾಡಿಯೊಳಗ ಗೋಣಿ ವಾಸನಿ ಬಂತು. ನಮ್ಮಪ್ಪನೂ ಟ್ರ್ಯಾಕ್ಟರ್ ಹೊಡಿತಾನ್ರಿ."

"ಮತ್ತ ಯಾಕ ಹೇಳಲಿಲ್ರಿ?"

"ನೀವ ಹೇಳ್ತೀರಿ ಅಂತ ದಾರಿ ನೋಡಿದೆ. ಭಾಳ ಹೊತ್ತು ಮಾಡಿದ್ರಿ."

ನಾಚಿಕೆಯಿಂದ ಅವಳ ಕಾಲಿನ ಶೂಗಳನ್ನಷ್ಟೇ ನೋಡುತ್ತಿದ್ದೆ.

"ಅಲ್ಲ, ಇಷ್ಟು ಬಲ್ಲವರು ಹೆಂಗ ಮರತ್ರಿ?"

"ನೀವು ಕೂದಲ ಹೆಲ್ಮೆಟ್ಟಿನಾಗ ಹಾಕಾಕತ್ತಿದ್ರಿ. ನೋಡಕೋತ ನಿಂತೆ. ಮೊದಲನೇ ದಿನಾನೂ ನಾ ಎಂಜಿನ್ ನೋಡಿದ್ದಿಲ್ಲ."

ಅವಳು ಕೊರಳಿಗಂಟಿದ್ದ ಆ ಎಳೆಯನ್ನು ಕಿವಿಯ ಹಿಂದೆ ಸರಿಸಿಕೊಂಡಳು. ಆಮೇಲೆ ಗೋಣಿಯನ್ನು ನನ್ನ ಮಡಿಲಿಗೆ ಹಾಕಿದಳು.

"ಐತವಾರ ಇದನ್ನ ತಗೊಂಡು ಸುರಪುರಕ್ಕ ಬರ್ರಿ. ಯಾಕ ಮರತ್ರಿ ಅನ್ನೋದನ್ನ ನಮ್ಮಪ್ಪನ ಮುಂದ ನೀವ ಹೇಳ್ರಿ. ಈ ಸಲ ಹೊತ್ತು ಮಾಡಬ್ಯಾಡ್ರಿ."