ದೋಣಿ ಇಳಿಯದ ದಿನ

"ನಾಳೆ ದೋಣಿ ಇಳಿಸಲ್ಲ ಅಂದ್ರೆ ಇಳಿಸಲ್ಲ! ಹಡಗಿನವರು ಯಾರನ್ನ ಕಳಿಸಿದ್ರೂ ನನ್ನ ಉತ್ತರ ಇದೇ..."

ಸಿಡುಕುತ್ತಲೇ ತಲೆಯೆತ್ತಿದ ಟೋರುನ್‌ಳ ಉಸಿರು ಅಲ್ಲೇ ನಿಂತಿತು.

ಬಾಗಿಲಲ್ಲಿದ್ದವನು ಐವಿಂಡ್! ಹಡಗು ಕಂಪನಿಯ ನೀಲಿ ಕೋಟು ತೊಟ್ಟಿದ್ದ. ಮಳೆನೀರು ಕೂದಲಿನಿಂದ ತೊಟ್ಟಿಕ್ಕುತ್ತಿತ್ತು.

"ನನ್ನನ್ನೇ ಕಳಿಸಿದ್ದಾರೆ," ಎಂದ ಮೆಲ್ಲಗೆ. "ಹೇಗಿದ್ದೀಯ, ಟೋರುನ್?"

ಎರಡು ವರ್ಷದ ಹಿಂದೆ ಇದೇ ಹೆಲ್ಲವಿಕ್ ಬಂದರಿನಿಂದ ಹಡಗು ಹತ್ತಿ ಹೋದವನು. ಆಮೇಲೆ ಒಂದು ಮಾತಿಲ್ಲ, ಕತೆಯಿಲ್ಲ. ಈಗ ಹೇಗಿದ್ದೀಯ ಅಂತೆ!

"ಕೆಲಸದ ವಿಷಯ ಮಾತಾಡು."

ನಾರ್ವೆಯ ಆ ಪುಟ್ಟ ಊರಿಗೆ ಹಡಗು ಬಂದ ದಿನ ಪ್ರಯಾಣಿಕರು ಏನು ನೋಡಬೇಕು, ಎಲ್ಲಿ ಉಣ್ಣಬೇಕು ಎಂಬುದನ್ನೆಲ್ಲ ಹೊಂದಿಸುವವಳು ಟೋರುನ್. ಎಲ್ಲರಿಗೂ ಬೇಕಾದದ್ದು ಒಂದೇ: ಹಿಮನದಿಯ ಬುಡದ ಸರೋವರದಲ್ಲಿ ದೋಣಿಯಾನ. ಆದರೆ ವಾರದಿಂದ ಬೆಚ್ಚನೆಯ ಮಳೆ. ಹಿಮದ ಗೋಡೆ ಸರೋವರದ ಮೇಲಕ್ಕೆ ವಾಲಿತ್ತು. ಒಳಗಿನಿಂದ ಗುಡುಗಿನಂಥ ಸದ್ದು.

"ದೋಣಿ ಇಲ್ಲ ಅಂದ್ರೆ ಮುಂದಿನ ಬೇಸಿಗೆಯಿಂದ ಹಡಗು ಈ ಕಡೆ ತಿರುಗಲ್ಲ ಅಂತಿದ್ದಾರೆ ಬ್ರೆಕ್ಕೆ," ಎಂದ ಐವಿಂಡ್. ಬ್ರೆಕ್ಕೆ ಅವನ ಮೇಲಧಿಕಾರಿ. "ಆ ಗೋಡೆ ಬೀಳೋದು ಖಚಿತವಾ?"

"ಹಿಮ ಏನು ಹೇಳಿ ಕೇಳಿ ಬೀಳುತ್ತಾ? ನನಗೆ ಭಯ ಆಗ್ತಿದೆ. ಅಷ್ಟೇ ಗೊತ್ತು!"

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಏನೂ ಹೇಳದೆ ಹೊರಟುಹೋದ.

'ಮತ್ತೆ ಅದೇ ಮೌನ... ಕಂಪನಿಯ ಮನುಷ್ಯ ತಾನೇ!' ಅವಳ ಕಣ್ಣು ಉರಿಯಿತು.

ಬೆಳಿಗ್ಗೆ, ಬೆಟ್ಟಗಳ ನಡುವಿನ ಕಡಲ ತೋಳಾದ ಫ್ಯೋರ್ಡ್‌ ತುಂಬಿಕೊಂಡಂತೆ ಹಡಗು ಬಂದು ನಿಂತಿತು. ದೂರದ ಗುಡ್ಡದಿಂದ ಹಿಮನದಿ ನೋಡಿ, ಶಾಲೆಯ ಹಾಲ್‌ನಲ್ಲಿ ಕಂದು ಚೀಸ್ ಹಾಕಿದ ವಾಫಲ್ ತಿನ್ನುವಂತೆ ಟೋರುನ್ ಏರ್ಪಾಡು ಮಾಡಿದ್ದಳು. ಬ್ರೆಕ್ಕೆ ಬಂದರಿನ ಕಟ್ಟೆಯ ಮೇಲೆಯೇ ಕೂಗಾಡಿದ.

"ವಾಫಲ್ ತಿನ್ನೋಕೆ ಜನ ಇಷ್ಟು ದೂರ ಬಂದಿದ್ದಾರಾ? ಯಾರು ದೋಣಿ ನಿಲ್ಲಿಸಿದ್ದು?"

ಟೋರುನ್ ಬಾಯಿ ತೆರೆಯುವಷ್ಟರಲ್ಲಿ ಐವಿಂಡ್ ಮುಂದೆ ಬಂದ.

"ಅವಳು ಬೇಡ ಅಂದಳು. ಹಡಗಿನ ಕಡೆಯಿಂದ ನಿಲ್ಲಿಸಿದ್ದು ನಾನು."

"ಸಂಜೆವರೆಗೂ ಹಿಮ ಬೀಳದಿದ್ರೆ?"

"ಒಳ್ಳೇದೇ ಆಯ್ತು."

"ನಿನ್ನ ಕೆಲಸ ಹೋಗುತ್ತೆ!"

ಐವಿಂಡ್ ಪ್ರಯಾಣಿಕರನ್ನು ಬಸ್ಸಿನತ್ತ ಕರೆದೊಯ್ದ. ಟೋರುನ್‌ಳ ಕಣ್ಣು ಅವನನ್ನೇ ಹಿಂಬಾಲಿಸಿತು.

ಇಡೀ ದಿನ ಅವಳ ಕಿವಿ ಹಿಮನದಿಯ ಕಣಿವೆಯ ಕಡೆಗೇ. ಬೀಳಲಿ ಎಂದು ಬೇಡುವುದೋ, ಬೀಳದಿರಲಿ ಎಂದೋ! ಮಧ್ಯಾಹ್ನ ಮಳೆ ನಿಂತಿತು. ಹಿಮ ಅಲುಗಲಿಲ್ಲ.

"ಏನೇ ಟೋರುನ್, ನಿನ್ನ ಹಿಮ ಬೀಳೋದನ್ನೇ ಮರೀತಾ?" ಬಸ್ ಓಡಿಸುವ ಓಡ್ವಾರ್ ಎಲ್ಲರೆದುರು ಚುಚ್ಚಿದ. "ಮುಂದಿನ ವರ್ಷ ನಾನು ಮೇಕೆಗಳನ್ನ ಕೂರಿಸ್ಕೊಂಡು ಬಸ್ ಓಡಿಸ್ಲಾ?"

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಸಂಜೆ ಹಡಗಿನ ಸಿಳ್ಳೆ ಕೂಗಿತು. ತಡೆಯಲಾಗದೆ ಬಂದರಿಗೆ ಓಡಿದಳು. ಹಗ್ಗ ಬಿಚ್ಚಿ ಹಡಗು ದಡ ಬಿಟ್ಟಾಗಿತ್ತು!

ಹೋಗೇಬಿಟ್ಟ...

"ಯಾರನ್ನ ಹುಡುಕ್ತಿದ್ದೀಯ?"

ತಿರುಗಿದಳು. ಐವಿಂಡ್! ಕಾಲ ಬಳಿ ಒಂದು ಚೀಲ. ನೀಲಿ ಕೋಟು ಇರಲಿಲ್ಲ.

"ನನ್ನ ಮಾತು ಸುಳ್ಳಾಯ್ತು, ಐವಿಂಡ್. ನಿನ್ನ ಕೆಲಸಾನೂ ಹೋಯ್ತು..."

"ಬಂದವರೆಲ್ಲ ನಗ್ತಾ ಹಡಗು ಹತ್ತಿದ್ರು. ಅದರಲ್ಲಿ ಸುಳ್ಳೇನಿದೆ? ಭಯ ಆಗ್ತಿದೆ ಅಂದೆ ನೀನು. ನನಗೆ ಅಷ್ಟು ಸಾಕಿತ್ತು."

"ಹಾಗಿದ್ರೆ ಅವತ್ತು ಯಾಕೆ ಬಿಟ್ಟು ಹೋದೆ?"

"ಇದೇ ಕಟ್ಟೆ ಮೇಲೆ ಕಲ್ಲಿನ ಹಾಗೆ ನಿಂತಿದ್ದೆ ನೀನು. ಹೋಗಬೇಡ ಅನ್ನಲೇ ಇಲ್ಲ. ನಾನು ಬೇಡವಾದೆ ಅಂದ್ಕೊಂಡೆ."

"ಹುಚ್ಚ! ಚಿಕ್ಕಂದಿನಿಂದ ನೀನು ಸಮುದ್ರ, ಸಮುದ್ರ ಅಂತಿದ್ದೆ. ಅದಕ್ಕೆ ಅಡ್ಡ ಬರಬಾರದು ಅಂತ ನಾನು ಹಲ್ಲು ಕಚ್ಚಿ ನಿಂತಿದ್ದೆ ಕಣೋ... ಇವತ್ತು ಹೇಳ್ತೀನಿ. ನೀನಿಲ್ಲದೆ ನನಗಾಗಲ್ಲ!"

ಅವನು ಅವಳ ತಣ್ಣನೆಯ ಕೈಗಳನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡ.

"ನನಗೂ ಆಗಲಿಲ್ಲ, ಟೋರುನ್."

ಹಡಗು ತಿರುವಿನಲ್ಲಿ ಮರೆಯಾಯಿತು.

"ಮುಂದಿನ ಬೇಸಿಗೆಗೆ ಅದು ಬರದಿದ್ರೆ?" ಎಂದಳು.

"ಬೇರೆ ಹಡಗು ಬರುತ್ತೆ. ಕರೆಸೋಣ."

"ನೀನೂ ಬರ್ತೀಯ...?"

"ನಾನು ಹೋದ್ರೆ ತಾನೇ, ಬರೋದು!"