ಮೂರನೇ ಹಾಡಿನಲ್ಲಿ ಹೆಟ್ಟಿಯ ದನಿ

ಅಂಗಡಿಯಲ್ಲಿ ಹಾಕಿದ್ದ ರೆಕಾರ್ಡಿನ ಮೂರನೇ ಹಾಡು ಶುರುವಾದದ್ದೇ ತಡ, ಹೆಟ್ಟಿಯ ಕೈಲಿದ್ದ ಚಹಾ ಕೌಂಟರ್ ಮೇಲೆಲ್ಲ ಚೆಲ್ಲಿತು.

ಗಿಟಾರುಗಳು ಕುಣಿಯುತ್ತಿದ್ದವು. ಹುಡುಗರು ಗಂಟಲು ಬಿಚ್ಚಿ ಹಾಡುತ್ತಿದ್ದರು. ಅವರ ನಡುವೆ ಒಂದು ಹೆಣ್ಣುದನಿ...

ಅದು ಅವಳದೇ ದನಿ!

"ಏನೇ ಪುಟ್ಟಿ, ದೆವ್ವ ಕಂಡವಳ ಹಾಗೆ ನಿಂತಿದ್ದೀಯ?" ಶೆಫೀಲ್ಡಿನ ಆ ರೆಕಾರ್ಡ್ ಅಂಗಡಿಯ ಒಡತಿ ಮೋರೀನ್ ಒರೆಸುವ ಬಟ್ಟೆಯನ್ನು ಅವಳತ್ತ ಎಸೆದಳು.

"ಇದು... ನಾನು ಹಾಡಿದ್ದು."

"ಹೋಗೇ! ಈ ಹುಡುಗರ ಮೊದಲ ಆಲ್ಬಮ್, ಇವತ್ತೇ ಬಂದಿದೆ. ಮಧ್ಯಾಹ್ನ ಇಲ್ಲಿಗೇ ನುಡಿಸೋಕೆ ಬರ್ತಾರೆ."

ಹೆಟ್ಟಿಗೆ ಗೊತ್ತಿತ್ತು. ಅವರ ಕಣ್ಣಿಗೆ ಬೀಳಬಾರದೆಂದೇ ಮಧ್ಯಾಹ್ನ ರಜೆ ಕೇಳಿದ್ದಳು. ಒಂದು ಕಾಲಕ್ಕೆ ಅವಳೂ ಆ ಬ್ಯಾಂಡಿನವಳೇ; ಈ ಹಾಡನ್ನು ಆಗಲೇ ಅವರೊಂದಿಗೆ ರೆಕಾರ್ಡ್ ಮಾಡಿದ್ದಳು. ಹಾಡು ಕಟ್ಟುವ ಎಲಿಯಟ್‌ನ ಮನಸ್ಸಿನಲ್ಲೂ ತಾನಿದ್ದೇನೆ ಎಂದು ನಂಬಿದ್ದಳು. ಲಂಡನ್ನಿನ ರೆಕಾರ್ಡ್ ಕಂಪನಿ ಬ್ಯಾಂಡನ್ನು ಕರೆದ ವಾರವೇ ಮ್ಯಾನೇಜರ್ ಗ್ಯಾರಿ ಬಂದು, "ಎಲಿಯಟ್‌ಗೆ ಇನ್ನು ನೀನು ಬೇಡವಂತೆ" ಅಂದಿದ್ದ. ಎಲಿಯಟ್ ಒಂದು ಫೋನ್ ಕೂಡ ಮಾಡಲಿಲ್ಲ.

ನನ್ನನ್ನು ಬಿಟ್ಟು, ನನ್ನ ದನಿಯನ್ನಷ್ಟೇ ಇಟ್ಟುಕೊಂಡನೇ?

ಅವಳು ರಜೆ ಹಾಕದೆ ಮಧ್ಯಾಹ್ನ ಅಂಗಡಿಯಲ್ಲೇ ಉಳಿದಳು.

ಗಿಟಾರ್ ಹೊತ್ತು ಒಳಬಂದ ಎಲಿಯಟ್ ಅವಳನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ.

"ನನ್ನ ದನಿ ಬಳಸೋ ಮೊದಲು ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ ನಿನಗೆ?"

"ಗ್ಯಾರಿ ಕೈಲಿ ಕೇಳಿಸಿದೆನಲ್ಲ... 'ದನಿ ಬೇಕಾದ್ರೆ ಇಟ್ಕೊಳ್ಳಲಿ, ನನ್ನ ಕಣ್ಣೆದುರು ಬರೋದು ಬೇಡ' ಅಂದ್ಯಂತೆ. ಗ್ಯಾರಿ ಹೇಳಿದ."

ಹೆಟ್ಟಿ ಕೌಂಟರಿನ ಹಿಂದಿನಿಂದ ಹೊರಬಂದಳು.

"ನಾನು ಹಾಗಂದೇ ಇಲ್ಲ ಎಲಿಯಟ್. ನೀನೇ ನನ್ನನ್ನ ಬೇಡ ಅಂದೆ ಅಂತ ಅವನು ಹೇಳಿದ್ದು..."

ಎಲಿಯಟ್ ನಿಧಾನವಾಗಿ ತಿರುಗಿ, ಬಾಗಿಲ ಬಳಿ ಡ್ರಮ್ಮು ಇಳಿಸುತ್ತಿದ್ದ ಗ್ಯಾರಿಯನ್ನು ನೋಡಿದ.

"ಕಂಪನಿಗೆ ಬರೀ ಹುಡುಗರು ಬೇಕಿತ್ತು ಮಾರಾಯ," ಗ್ಯಾರಿ ತಡವರಿಸಿದ. "ನಿಮ್ಮ ಒಳ್ಳೇದಕ್ಕೇ..."

"ಆ ಡ್ರಮ್ಮನ್ನ ಅಲ್ಲೇ ಇಡು, ಹೊರಡು. ನಾಳೆಯಿಂದ ಬರಬೇಡ."

ಗ್ಯಾರಿ ಹೋದ. ಮೋರೀನ್ ಮೆಲ್ಲಗೆ ಹಿಂದಿನ ಕೋಣೆಗೆ ಸರಿದಳು.

ಹೆಟ್ಟಿಯ ಕೋಪ ಇನ್ನೂ ಇಳಿದಿರಲಿಲ್ಲ. "ಒಂದು ಸಲ ನಮ್ಮನೆ ಬಾಗಿಲು ತಟ್ಟಬಹುದಿತ್ತು ನೀನು."

"ತಟ್ಟಬೇಕಿತ್ತು. ನೀನೇ ಎದುರಿಗೆ ನಿಂತು 'ಬೇಡ' ಅಂದುಬಿಟ್ರೆ ಅಂತ ಹೆದರಿದೆ. ಹಾಡಿಂದ ನಿನ್ನ ದನಿ ತೆಗೆ ಅಂತ ಎಲ್ಲರೂ ಹೇಳಿದ್ರು... ನನ್ನ ಕೈಲಾಗಲಿಲ್ಲ. ನಿನ್ನನ್ನ ಪ್ರೀತಿಸ್ತೀನಿ ಹೆಟ್ಟಿ. ಆಗಲೂ, ಈಗಲೂ."

ಅವಳ ಕಣ್ಣು ತುಂಬಿತು.

"ಇನ್ಮೇಲೆ ಏನಿದ್ರೂ ನನ್ನನ್ನೇ ಕೇಳಬೇಕು. ಇನ್ನೊಬ್ಬರ ಕೈಲಿ ಹೇಳಿ ಕಳಿಸಬಾರದು."

"ಹಾಗಾದ್ರೆ ಈಗಲೇ ಕೇಳ್ತೀನಿ... ನನ್ನ ಜೊತೆ ಇರ್ತೀಯಾ?"

"ಗಿಟಾರ್ ಕೆಳಗಿಡು ಮೊದಲು," ಅವಳು ಮೂಗು ಒರೆಸಿಕೊಳ್ಳುತ್ತ ಹತ್ತಿರ ಬಂದಳು. "ಅದನ್ನ ತಬ್ಬಿಕೊಳ್ಳೋಕೆ ಬಂದಿಲ್ಲ ನಾನು."